ಜೀಪು ಗುಂಯ್ ಎನ್ನುವುದು ಯಾವಾಗ?

ಕೊಡಚಾದ್ರಿಯ ಜೀಪಿನಲ್ಲಿ ಒಮ್ಮೆ ಕುಳಿತವರಿಗೆ ಆ ದಾರಿ ಮೈಗೆ ನೆನಪಿರುತ್ತದೆ. ಕೆಂಪು ಮಣ್ಣಿನ ಕೊರಕಲು, ನಡುವೆ ತಲೆ ಎತ್ತಿದ ಬಂಡೆ, ಒಂದು ಚಕ್ರ ಹಳ್ಳದಲ್ಲಿದ್ದರೆ ಇನ್ನೊಂದು ಗಾಳಿಯಲ್ಲಿ. ಗೇರ್ ಲಿವರಿನ ಪಕ್ಕದ ಸಣ್ಣ ಲಿವರನ್ನು ಚಾಲಕ ಎಳೆದ ಕೂಡಲೇ ಗಾಡಿ ಆಮೆಯ ನಡಿಗೆಗೆ ಇಳಿಯುತ್ತದೆ, ಕಾಲ ಕೆಳಗಿನಿಂದ ಗುಂಯ್ ಎಂಬ ಸದ್ದೊಂದು ಏಳುತ್ತದೆ. ಪ್ರಯಾಣಿಕರು ಕಂಬಿ ಹಿಡಿದು ಕಣಿವೆ ನೋಡುತ್ತಾರೆ. ಚಾಲಕನ ಕಣ್ಣು ದಾರಿಯ ಮೇಲೆ, ಕಿವಿ ಗಾಡಿಯ ಹೊಟ್ಟೆಯ ಕಡೆಗೆ. ಆ ಗುಂಯ್ ಅವನಿಗೆ ದಿನನಿತ್ಯದ್ದು. ಅದರ ನಡುವೆ ಒಂದು ಟಣ್ ಕೇಳಿಸಿತೋ, ಕಾಲು ಬ್ರೇಕಿಗೆ ಹೋಗುತ್ತದೆ. ಇಳಿದು, ಬಗ್ಗಿ, ಕೈ ಹಾಕಿ ನೋಡುತ್ತಾನೆ.

ಮಡಿಕೇರಿ ಬಳಿಯ ಮಾಂದಲಪಟ್ಟಿಯ ಚಾಲಕರಿಗೂ, ಮಲೆನಾಡಿನ ಕಾಫಿ ತೋಟಗಳಲ್ಲಿ ಜೀಪು ಓಡಿಸುವವರಿಗೂ ಇದೇ ಕಿವಿ ಇದೆ. ಈಗ ಥಾರ್, ಜಿಮ್ನಿಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲೂ ನಿಂತಿವೆ. ಅವುಗಳ ಮಾಲೀಕರಿಗೂ ಸದ್ದು ಕೇಳಿಸುತ್ತದೆ, ಅದು ಹೇಳುತ್ತಿರುವುದು ತಿಳಿಯುವುದಿಲ್ಲ. ಗ್ಯಾರೇಜಿಗೆ ಹೋಗಿ ‘ಏನೋ ಸದ್ದು ಬರ್ತಿದೆ’ ಎನ್ನುತ್ತಾರೆ. ಊಹೆಯ ಮೇಲೆ ಬಿಡಿಭಾಗ ಬದಲಿಸುವ ಕೆಲಸ ಅಲ್ಲಿಂದ ಶುರು. ಮೊದಲು ವೀಲ್ ಬೇರಿಂಗ್, ಆಮೇಲೆ ಕ್ರಾಸ್, ಕೊನೆಗೆ ಇಡೀ ಕ್ರೌನ್ ಪಿನಿಯನ್. ದುಡ್ಡು ಹೋಗುತ್ತದೆ, ಸದ್ದು ಉಳಿಯುತ್ತದೆ.

ಶಾಲೆಯಲ್ಲಿ ನಾವೆಲ್ಲ ಅನುಕರಣ ಅವ್ಯಯ ಓದಿದ್ದೇವೆ. ಕಟಕಟ, ಗೊರಗೊರ, ಕಿಚಕಿಚ, ಟಣ್. ಸದ್ದನ್ನು ಬಣ್ಣಿಸಲು ಕನ್ನಡಕ್ಕೆ ಬಡತನವಿಲ್ಲ. ಆದರೆ ಒಬ್ಬರ ಗೊರಗೊರ ಇನ್ನೊಬ್ಬರಿಗೆ ಗುರುಗುರು. ಗಾಡಿಯ ರೋಗ ಹಿಡಿಯಬೇಕಾದರೆ ಸದ್ದು ಹೇಗಿದೆ ಎಂಬುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಬೇಕು. ಒಳ್ಳೆಯ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆ ಅದೇ.

ಶಕ್ತಿ ಸಾಗುವ ದಾರಿ

ಸದ್ದಿನ ಮೂಲ ಹುಡುಕುವ ಮೊದಲು ಎಂಜಿನ್ನಿನ ಶಕ್ತಿ ಚಕ್ರ ಮುಟ್ಟುವ ದಾರಿಯನ್ನೊಮ್ಮೆ ನಡೆದು ಬರಬೇಕು. ಎಂಜಿನ್ನಿನಿಂದ ಕ್ಲಚ್, ಕ್ಲಚ್ಚಿನಿಂದ ಗೇರ್‌ಬಾಕ್ಸ್. ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ. ಸಣ್ಣ ಲಿವರು ಆಡಿಸುವುದು ಇದನ್ನೇ. ಇಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ, ಇನ್ನೊಂದು ಮುಂದಕ್ಕೆ. ಎರಡರ ಕೊನೆಯಲ್ಲೂ ಗುಂಡನೆಯ ಹೊಟ್ಟೆಯ ಡಿಫರೆನ್ಷಿಯಲ್. ಅದರೊಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳು ತಿರುಗುವಿಕೆಯನ್ನು ತೊಂಬತ್ತು ಡಿಗ್ರಿ ಹೊರಳಿಸಿ ಆಕ್ಸಲ್‌ಗಳ ಮೂಲಕ ಚಕ್ರಕ್ಕೆ ಒಪ್ಪಿಸುತ್ತವೆ.

ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿದ್ದ ಜೋಡಣೆ ಇದೇ. ಮಹೀಂದ್ರ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪನ್ನು ಭಾರತದಲ್ಲಿ ಜೋಡಿಸಲು ಆರಂಭಿಸಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ರಬ್ಬರಿನ ಮೌಂಟುಗಳ ಮೇಲೆ ಬೇರೆಯೇ ಕುಳಿತಿರುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟ್. ಹಾಗಾಗಿ ಜಿಪ್ಸಿಯಲ್ಲಿ ಸವೆಯುವ ಜಾಯಿಂಟುಗಳು ಇನ್ನೂ ಹೆಚ್ಚು. ಆ ರಬ್ಬರುಗಳು ಹಳತಾದರೆ ಗೇರಿನ ಸಹಜ ಸದ್ದೂ ನೇರ ಚಾಸಿಸ್‌ಗೆ ಇಳಿದು ಕ್ಯಾಬಿನ್ ತುಂಬ ಮೊರೆಯುತ್ತದೆ. ಗೇರು ಹೋಗಿದೆ ಎಂದು ಹೆದರಿಸುವ ಈ ಮೊರೆತಕ್ಕೆ ರಬ್ಬರ್ ಬದಲಿಸಿದರೆ ಸಾಕು.

ಸಾಮಾನ್ಯ ಕಾರಿಗಿಂತ ಇಲ್ಲಿ ತಿರುಗುವ ಭಾಗಗಳು ಹೆಚ್ಚೂಕಡಿಮೆ ಎರಡರಷ್ಟು. ಆದರೆ ಎಲ್ಲವೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಸದ್ದು ಹಿಡಿಯುವ ವಿದ್ಯೆ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಥಾರ್‌ನಂಥ ಗಾಡಿಯ ಟೈರ್ ಒಂದು ಸುತ್ತು ಸುತ್ತಿದರೆ ಸುಮಾರು 2.3 ಮೀಟರ್ ಸಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 7 ಸುತ್ತು ಹಾಕುತ್ತದೆ. ಡಿಫರೆನ್ಷಿಯಲ್ಲಿನ ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10 ಹಲ್ಲು ಎಂದಿಟ್ಟುಕೊಳ್ಳಿ. ಆಗ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ ಸುಮಾರು 29 ಸುತ್ತು ತಿರುಗುತ್ತದೆ. ಗೇರಿನ ಹಲ್ಲುಗಳು ಒಂದಕ್ಕೊಂದು ಸೆಕೆಂಡಿಗೆ 300ರ ಹತ್ತಿರ ಸಲ ಮುಟ್ಟುತ್ತವೆ. ಏಳು ಸಲದ ಪೆಟ್ಟನ್ನು ಕಿವಿ ಒಂದೊಂದಾಗಿ ಕೇಳುತ್ತದೆ. ಇಪ್ಪತ್ತೊಂಬತ್ತು ಸಲದ್ದು ಪಾದಕ್ಕೆ, ಸೀಟಿಗೆ ನಡುಕವಾಗಿ ಬರುತ್ತದೆ. ಮುನ್ನೂರು ಸಲದ್ದು ಹಾರ್ಮೋನಿಯಂನಲ್ಲಿ ಹಿಡಿಯಬಹುದಾದ ಸ್ವರ.

ಹಲ್ಲಿನ ಸ್ವರ, ಬೇರಿಂಗಿನ ಮೊರೆತ

ಹೀಗಾಗಿ ವೇಗ ಏರಿದಂತೆ ಸ್ವರ ಏರಿಸಿಕೊಂಡು ಹೋಗುವ ಗುಂಯ್ ಸಾಮಾನ್ಯವಾಗಿ ಗೇರಿನ ಹಲ್ಲಿನದು. ಸ್ವರವಿಲ್ಲದೆ ಗೊರಗೊರ ಮೊರೆಯುವುದು ಬೇರಿಂಗಿನದು. ಗೇರಿನ ಸದ್ದಿಗೆ ಇನ್ನೊಂದು ಲಕ್ಷಣ ಉಂಟು: ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ. ಒತ್ತಿದಾಗ ಹಲ್ಲಿನ ಒಂದು ಮುಖದ ಮೇಲೆ ಭಾರ, ಬಿಟ್ಟಾಗ ಇನ್ನೊಂದು ಮುಖದ ಮೇಲೆ. ಒಂದು ವೇಗದಲ್ಲಿ ಗುಂಯ್ ಎನ್ನುತ್ತಿದ್ದ ಗಾಡಿ ಕಾಲು ತೆಗೆದ ಕೂಡಲೇ ಸುಮ್ಮನಾದರೆ ಸಂಶಯ ನೇರವಾಗಿ ಡಿಫರೆನ್ಷಿಯಲ್ ಮೇಲೆ. ಚಕ್ರದ ಬೇರಿಂಗ್ ಆಕ್ಸಿಲರೇಟರಿಗೆ ಹೀಗೆ ಓಗೊಡುವುದಿಲ್ಲ, ಗಾಡಿ ಉರುಳುತ್ತಿರುವವರೆಗೂ ಅದರ ಗೊರಗೊರ ಇದ್ದೇ ಇರುತ್ತದೆ.

ಬೇರಿಂಗ್ ಓಗೊಡುವುದು ತಿರುವಿಗೆ. ಗಾಡಿ ಎಡಕ್ಕೆ ತಿರುಗಿದರೆ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಡಬಲ ಓಲಾಡಿಸಿದಾಗ, ಎಡಕ್ಕೆ ಹೊರಳಿದಾಗ ಮೊರೆತ ಜೋರಾದರೆ ಬಲಗಡೆಯ ಬೇರಿಂಗನ್ನು ನೋಡಿ. ಆಮೇಲೆ ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಬೇಕು. ಲೊಡಲೊಡ ಎಂದರೆ ಒಬ್ಬರು ಬ್ರೇಕ್ ಒತ್ತಲಿ. ಆಗ ಅಲುಗಾಟ ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟಿನದು. ಬ್ರೇಕ್ ಒತ್ತುವ ಈ ಹೆಜ್ಜೆಯನ್ನು ಬಿಟ್ಟು ಬೇರಿಂಗ್ ಬದಲಿಸಿದವರು ಬಹಳ.

ಇವೆರಡಕ್ಕೂ ಮೊದಲು ಟೈರನ್ನು ನೋಡಬೇಕು. ಕೆಸರಿಗೆಂದು ಮಾಡಿದ ದಪ್ಪ ಗುಬುಟಿನ ಟೈರುಗಳು ಟಾರ್ ರಸ್ತೆಯಲ್ಲಿ ಬೇರಿಂಗ್ ಹೋದಂತೆಯೇ ಮೊರೆಯುತ್ತವೆ. ವ್ಯತ್ಯಾಸ ತಿಳಿಯುವುದು ಸುಲಭ. ಟಾರಿನಿಂದ ಕಾಂಕ್ರೀಟಿಗೆ, ಅಲ್ಲಿಂದ ಮಣ್ಣಿನ ದಾರಿಗೆ ಇಳಿದಾಗ ಟೈರಿನ ಸದ್ದು ಬದಲಾಗುತ್ತದೆ. ಗೇರಿಗೂ ಬೇರಿಂಗಿಗೂ ರಸ್ತೆಯ ಗೊಡವೆ ಇಲ್ಲ. ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದಾಗ ಸದ್ದೂ ಜಾಗ ಬದಲಿಸಿದರೆ ಅಪರಾಧಿ ಸಿಕ್ಕಂತೆಯೇ.

ಗೇರ್‌ಬಾಕ್ಸಿನ ವಿಚಾರಣೆ ನಿಂತಲ್ಲೇ ಆಗುತ್ತದೆ. ಎಂಜಿನ್ ಓಡುತ್ತಿರುವಾಗ, ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ. ಒತ್ತಿದಾಗ ಹುಟ್ಟುವ ಸದ್ದು ರಿಲೀಸ್ ಬೇರಿಂಗಿನದು. ಒತ್ತಿದಾಗ ನಿಲ್ಲುವುದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಕಡೆಯದು. ನಾಲ್ಕು ಗೇರಿನ ಹಳೆಯ ಜೀಪುಗಳ ಕೊನೆಯ ಗೇರಿನಲ್ಲಿ ಶಕ್ತಿ ನೇರ ಹಾದುಹೋಗುತ್ತದೆ, ಕೆಳಗಿನ ಹಲ್ಲುಗಳಿಗೆ ಭಾರವಿಲ್ಲ. ಎರಡು, ಮೂರರಲ್ಲಿ ಕೂಗಿ ನಾಲ್ಕರಲ್ಲಿ ಸುಮ್ಮನಾಗುವ ಜೀಪಿನ ಡಿಫರೆನ್ಷಿಯಲ್ ಬಿಚ್ಚುವ ಅಗತ್ಯವೇ ಇಲ್ಲ.

ಇನ್ನು ಸಣ್ಣ ಲಿವರು ಎಳೆದಾಗಿನ ಲೋ ರೇಂಜಿನಲ್ಲಿ, ರಿವರ್ಸ್‌ನಲ್ಲಿ ಬರುವ ಗುಂಯ್ ಬಹುಪಾಲು ಗಾಡಿಗಳಿಗೆ ಹುಟ್ಟುಗುಣ. ಬೆಟ್ಟದ ಚಾಲಕ ಅದಕ್ಕೆ ತಲೆ ಕೆಡಿಸಿಕೊಳ್ಳದಿರುವುದು ಇದೇ ಕಾರಣಕ್ಕೆ.

ಟಣ್ ಎನ್ನುವ ಕ್ರಾಸ್

ನಮ್ಮ ಗ್ಯಾರೇಜುಗಳಲ್ಲಿ ಯೂನಿವರ್ಸಲ್ ಜಾಯಿಂಟಿಗೆ ‘ಕ್ರಾಸ್’ ಎನ್ನುತ್ತಾರೆ. ಕೂಡುಗುರುತಿನ ಆಕಾರದ ಉಕ್ಕಿನ ತುಂಡು, ನಾಲ್ಕು ತುದಿಗೆ ನಾಲ್ಕು ಟೋಪಿ, ಟೋಪಿಯೊಳಗೆ ಸೂಜಿಯಷ್ಟು ತೆಳ್ಳಗಿನ ರೋಲರುಗಳು. ಆಕ್ಸಲ್ ಮೇಲೆ ಕೆಳಗೆ ಕುಣಿಯುವಾಗ ಶಾಫ್ಟ್ ಬಾಗಿ ತಿರುಗಲು ಆಗುವುದು ಈ ಅಂಗೈಯಗಲದ ಭಾಗದಿಂದ. ಇಡೀ ಗಾಡಿಯಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ದೊಡ್ಡ ಹೊರೆ ಹೊರುವುದು ಇನ್ನೊಂದಿಲ್ಲ. ಇಷ್ಟು ಅಲಕ್ಷ್ಯಕ್ಕೆ ಒಳಗಾಗುವುದೂ ಇನ್ನೊಂದಿಲ್ಲ.

ಸಾಯುವ ಮೊದಲು ಕ್ರಾಸ್ ಬೇಕಾದಷ್ಟು ಸಲ ಹೇಳುತ್ತದೆ. ಮೊದಲು ಗ್ರೀಸ್ ಒಣಗುತ್ತದೆ. ಆಗ ನಿಧಾನ ವೇಗದಲ್ಲಿ ಗುಬ್ಬಚ್ಚಿಯಂತೆ ಕಿಚ್ ಕಿಚ್ ಕಿಚ್, ವೇಗ ಏರಿದರೆ ಕಿಚಕಿಚಕಿಚ. ಬಗ್ಗಿ ನೋಡಿದರೆ ಟೋಪಿಯ ಅಂಚಿನಲ್ಲಿ ಕುಂಕುಮದಂಥ ಕೆಂಪು ಪುಡಿ. ಅದು ಒಳಗಿನ ಸೂಜಿಗಳು ತುಕ್ಕು ಹಿಡಿದು ಅರೆದ ಪುಡಿ. ಈ ಹಂತ ತಲುಪಿದ ಕ್ರಾಸನ್ನು ಗ್ರೀಸ್ ಉಳಿಸುವುದಿಲ್ಲ. ಆಮೇಲೆ ಗೇರ್ ಹಾಕಿ ಕ್ಲಚ್ ಬಿಟ್ಟಾಗ, ರಿವರ್ಸ್‌ನಿಂದ ಮುಂದಕ್ಕೆ ಬದಲಿಸಿದಾಗ ಒಂದೊಂದು ಟಣ್. ಕೊನೆಗೆ ನಡುಕ.

ಪರೀಕ್ಷೆಗೆ ಯಂತ್ರ ಬೇಡ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಚಿ. ಕ್ರಾಸಿನ ಎರಡು ಬದಿಯ ನಡುವೆ ಅಲುಗಾಟ ಕಂಡರೆ ಅದರ ಕಾಲ ಮುಗಿದಿದೆ. ಅಲುಗಾಟ ಅಲ್ಲಿಲ್ಲದೆ, ಶಾಫ್ಟ್ ಉದ್ದ ಗಿಡ್ಡ ಆಗಲೆಂದು ಇಟ್ಟ ಜಾರುವ ಕೊಳವೆಯಲ್ಲಿ ಇದ್ದರೆ ಅಲ್ಲಿನ ಹಲ್ಲು ಸವೆದಿದೆ. ನಿಂತ ಗಾಡಿ ಹೊರಡುವಾಗ ಒಂದೇ ಒಂದು ಢಬ್ ಎನ್ನುವುದು ಹೆಚ್ಚಾಗಿ ಇದು, ಎಷ್ಟೋ ಸಲ ಬರೀ ಗ್ರೀಸಿಗೆ ಬಗ್ಗುತ್ತದೆ.

ಹೊಸ ಕ್ರಾಸ್ ಹಾಕಿಸಿದ ಮೇಲೆ ಮೊದಲಿಲ್ಲದ ನಡುಕ ಶುರುವಾದರೆ ಹೊಸ ಭಾಗವನ್ನು ಬೈಯುವ ಮೊದಲು ಒಂದು ವಿಷಯ ನೋಡಬೇಕು. ಬಾಗಿ ತಿರುಗುವ ಕ್ರಾಸ್ ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಹೆಚ್ಚಿಸಿ, ಎರಡು ಸಲ ತಗ್ಗಿಸುತ್ತದೆ. ಶಾಫ್ಟಿನ ಇನ್ನೊಂದು ತುದಿಯ ಕ್ರಾಸ್ ಆ ಏರಿಳಿತವನ್ನು ಸರಿದೂಗಿಸಬೇಕು. ಅದಕ್ಕೆ ಎರಡು ತುದಿಯ ಕವೆಗಳೂ ಒಂದೇ ಸಾಲಿನಲ್ಲಿರಬೇಕು. ಬಿಚ್ಚಿದ ಜಾರುಕೊಳವೆಯನ್ನು ಒಂದು ಹಲ್ಲು ಆಚೀಚೆ ಕೂರಿಸಿದರೂ ಲೆಕ್ಕ ತಪ್ಪುತ್ತದೆ. ಬಿಚ್ಚುವ ಮೊದಲು ಬಳಪದಲ್ಲಿ ಒಂದು ಗೆರೆ ಎಳೆದರೆ ಈ ತಾಪತ್ರಯವೇ ಇಲ್ಲ. ಗಾಡಿ ಎತ್ತರ ಕಾಣಲೆಂದು ಸ್ಪ್ರಿಂಗ್ ಪಟ್ಟಾ ಎತ್ತಿಸಿದವರಿಗೂ ಇದೇ ಕಾಟ. ಎತ್ತರ ಹೆಚ್ಚಿದಷ್ಟೂ ಶಾಫ್ಟಿನ ಬಾಗು ಹೆಚ್ಚು, ಬಾಗು ಹೆಚ್ಚಿದಷ್ಟೂ ನಡುಕ.

ತಿರುವಿನಲ್ಲಿ ಕಟಕಟ

ಮುಂದಿನ ಚಕ್ರಗಳಿಗೆ ಎರಡು ಕೆಲಸ, ತಿರುಗುವುದು ಮತ್ತು ಹೊರಳುವುದು. ಪೂರ್ತಿ ಹೊರಳಿದಾಗಲೂ ಸಮವೇಗ ಕೊಡುವ ಸಿ.ವಿ. ಜಾಯಿಂಟ್ ಅದಕ್ಕಾಗಿ ಇದೆ. ಒಳಗೆ ಉಕ್ಕಿನ ಗುಂಡುಗಳು, ಅವು ಓಡಾಡಲು ಕಾಲುವೆಗಳು. ಕಾಲುವೆ ಸವೆದಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟರೆ ಕಟ್ ಕಟ್ ಕಟ್ ಎನ್ನುತ್ತದೆ, ನೇರ ಓಡಿದರೆ ಸುಮ್ಮನಾಗುತ್ತದೆ. ಇದರ ಸಾವಿಗೆ ಸಾಮಾನ್ಯ ಕಾರಣ ಹರಿದ ರಬ್ಬರ್ ಬೂಟು. ಗ್ರೀಸ್ ಹೊರಗೆ, ಮಣ್ಣು ಒಳಗೆ. ಚಕ್ರದ ಒಳಬದಿಯಲ್ಲಿ ಗ್ರೀಸ್ ಸಿಡಿದದ್ದು ಕಂಡ ದಿನವೇ ಬೂಟು ಬದಲಿಸಿದರೆ ಜಾಯಿಂಟು ಉಳಿಯುತ್ತದೆ.

ಕೆಲವು ಹಳೆಯ ಜೀಪು, ಜಿಪ್ಸಿಗಳ ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುವುವ ಹಬ್ ಲಾಕ್ ಇರುತ್ತದೆ. ಟು ವೀಲ್‌ನಲ್ಲಿ ಅದನ್ನು ಸಡಿಲಿಸಿಬಿಟ್ಟರೆ ಮುಂದಿನ ಆಕ್ಸಲ್, ಡಿಫರೆನ್ಷಿಯಲ್, ಶಾಫ್ಟ್ ಮೂರೂ ನಿಂತುಬಿಡುತ್ತವೆ. ಸದ್ದು ಹುಡುಕುವವರಿಗೆ ಇದು ದೊಡ್ಡ ವರ. ಟು ವೀಲ್‌ನಲ್ಲಿ ಹಬ್ ಲಾಕ್ ಮಾಡಿ ಐದು ಕಿಲೋಮೀಟರ್, ಬಿಟ್ಟು ಐದು ಕಿಲೋಮೀಟರ್ ಓಡಿಸಿ. ಬಿಟ್ಟಾಗ ಸದ್ದು ನಿಂತರೆ ಅದು ಮುಂದಿನ ಆ ಮೂರರದ್ದು. ಅರ್ಧ ಗಾಡಿಯನ್ನು ಸ್ಪ್ಯಾನರ್ ಮುಟ್ಟದೆ ಪಟ್ಟಿಯಿಂದ ತೆಗೆದಂತಾಯಿತು.

ಹಬ್ ಲಾಕ್ ಇಲ್ಲದ ಗಾಡಿಗಳಲ್ಲಿ ಮೆಕ್ಯಾನಿಕ್‌ಗಳು ಒಂದು ಶಾಫ್ಟ್ ಬಿಚ್ಚಿಟ್ಟು ಓಡಿಸಿ ನೋಡುವುದುಂಟು. ಇಲ್ಲಿ ಎಚ್ಚರ ಬೇಕು. ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಕೈಬ್ರೇಕಿನ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಹಿಂದಿನ ಶಾಫ್ಟ್ ತೆಗೆದರೆ ಕೈಬ್ರೇಕ್ ಹಿಡಿಯುವುದು ಗಾಳಿಯನ್ನು. ಇಳಿಜಾರಿನಲ್ಲಿ ಗಾಡಿಯ ಅಡಿಗೆ ತೂರಿದವನ ಮೇಲೆ ಜೀಪು ಉರುಳಲು ಅಷ್ಟೇ ಸಾಕು.

ಟಾರಿನ ಮೇಲೆ ಫೋರ್ ವೀಲ್

ಗಾಡಿಯಲ್ಲಿ ಯಾವ ದೋಷವೂ ಇಲ್ಲದೆ, ಚಾಲಕನೇ ಹುಟ್ಟಿಸುವ ಸದ್ದೊಂದಿದೆ. ಥಾರ್, ಜಿಮ್ನಿ, ಜಿಪ್ಸಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳ ದಾರಿ ಹಿಂದಿನವಕ್ಕಿಂತ ಉದ್ದ. ಚಕ್ರಾಂತರ ಎರಡೂವರೆ ಮೀಟರಿಗೆ ಹತ್ತಿರವಿರುವ ಗಾಡಿ ಆರು ಮೀಟರ್ ತ್ರಿಜ್ಯದ ಯೂ ತಿರುವು ತೆಗೆದುಕೊಂಡರೆ ಮುಂದಿನ ಆಕ್ಸಲ್ ಸುಮಾರು ಒಂದೂವರೆ ಮೀಟರ್ ಹೆಚ್ಚು ಸಾಗಬೇಕು. ಮಣ್ಣಿನಲ್ಲಿ ಟೈರು ಜಾರಿ ಆ ಒಂದೂವರೆ ಮೀಟರನ್ನು ಹೊಂದಿಸಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವಿಲ್ಲ. ಶಾಫ್ಟು, ಗೇರು, ಚೈನುಗಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತವೆ. ಸ್ಟೇರಿಂಗ್ ಭಾರ, ಟೈರಿನ ಚೀರಾಟ, ನಡುನಡುವೆ ಢಬ್. ಟು ವೀಲ್‌ಗೆ ಬದಲಿಸಹೋದರೆ ಲಿವರ್ ಕದಲುವುದಿಲ್ಲ. ನೇರವಾಗಿ ಒಂದಿಷ್ಟು ಹಿಂದಕ್ಕೆ ಬಂದರೆ ತಿರುಚು ಬಿಚ್ಚಿ ಲಿವರ್ ಸಡಿಲವಾಗುತ್ತದೆ. ಮಳೆ ಬಂತೆಂದು ಹೆದ್ದಾರಿಯಲ್ಲಿ ಫೋರ್ ವೀಲ್ ಹಾಕಿಕೊಂಡು ಹೋಗುವವರು ಇದನ್ನು ತಿಳಿದಿರಲೇಬೇಕು.

ಹೊಸ ಗಾಡಿಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದಿನ ಶಾಫ್ಟಿಗೆ ಶಕ್ತಿ ಕೊಡುವುದು ಸಾಮಾನ್ಯವಾಗಿ ಅಗಲದ ಚೈನು. ಅದು ಹಿಗ್ಗಿದರೆ ಫೋರ್ ವೀಲ್‌ನಲ್ಲಿ ಏರು ಹತ್ತುವಾಗ ಮಾತ್ರ ಹಲ್ಲು ಹಾರಿ ಟಪ್ ಟಪ್ ಎನ್ನುತ್ತದೆ. ಟಾರಿನ ಮೇಲಿನ ಈ ಹಿಂಸೆ ಚೈನಿನ ಆಯುಷ್ಯವನ್ನೂ ತಿನ್ನುತ್ತದೆ.

ಹೊಳೆ ದಾಟಿದ ಮೇಲೆ

ಮಲೆನಾಡಿನ ಜೀಪಿಗೆ ದೊಡ್ಡ ಶತ್ರು ಬಂಡೆಯಲ್ಲ, ನೀರು. ಇಪ್ಪತ್ತು ಕಿಲೋಮೀಟರ್ ಓಡಿದ ಡಿಫರೆನ್ಷಿಯಲ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಹಿಗ್ಗಿರುತ್ತದೆ. ಆ ಬಿಸಿಯಲ್ಲೇ ತಣ್ಣನೆಯ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಅದು ಹೊರಗಿನಿಂದ ಎಳೆದುಕೊಳ್ಳುತ್ತದೆ. ಆಕ್ಸಲ್ ಮೇಲಿನ ಬೆರಳುಗಾತ್ರದ ಬ್ರೀದರ್ ಗಾಳಿಯನ್ನು ಬಿಟ್ಟುಕೊಡಬೇಕು. ಅದು ಕೆಸರು ಮೆತ್ತಿ ಕಟ್ಟಿಕೊಂಡಿದ್ದರೆ ಅಥವಾ ತಾನೇ ನೀರಿನಲ್ಲಿ ಮುಳುಗಿದ್ದರೆ ಒಳಗೆ ಹೋಗುವುದು ನೀರು, ಹಾದಿ ಆಯಿಲ್ ಸೀಲಿನದೋ ಬ್ರೀದರಿನದೋ.

ನೀರು ಸೇರಿದ ಗೇರ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆ ಕಾಫಿ ಗೇರಿನ ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ, ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ. ಜೂನ್‌ನಲ್ಲಿ ದಾಟಿದ ಹಳ್ಳ ದೀಪಾವಳಿಯ ಹೊತ್ತಿಗೆ ಗೊರಗೊರ ಎನ್ನಲು ಶುರು. ಅಷ್ಟರಲ್ಲಿ ಹಳ್ಳದ ನೆನಪು ಯಾರಿಗೂ ಇರುವುದಿಲ್ಲ.

ಈ ಕೇಡನ್ನು ಸದ್ದು ಕೇಳುವ ಮೊದಲೇ ಹಿಡಿಯಬಹುದು. ಡ್ರೇನ್ ಪ್ಲಗ್ಗಿನ ತುದಿಯಲ್ಲಿ ಆಯಸ್ಕಾಂತವಿದ್ದರೆ ಅದನ್ನು ನೋಡಿ. ಕಾಡಿಗೆಯಷ್ಟು ನುಣ್ಣನೆಯ ಬೂದು ಲೇಪ ಸಹಜ ಸವೆತ. ಚಿಪ್ಪು, ಚೂರು ಅಂಟಿದ್ದರೆ ಒಳಗೆ ಏನೋ ಮುರಿಯುತ್ತಿದೆ. ಹೊಸ ಆಯಿಲ್ ಹಾಕುವಾಗ ಗಾಡಿಯ ಕೈಪಿಡಿ ಹೇಳಿದ್ದನ್ನೇ ಹಾಕಿಸಿ. ಡಿಫರೆನ್ಷಿಯಲ್‌ಗೆ ಬೇಕಾದ ಜಿ.ಎಲ್.-5 ದರ್ಜೆಯ ಆಯಿಲನ್ನು, ಜಿ.ಎಲ್.-4 ಕೇಳುವ ಗೇರ್‌ಬಾಕ್ಸಿಗೂ ಸುರಿದರೆ ಒಳಗಿನ ಹಿತ್ತಾಳೆಯ ರಿಂಗುಗಳು ಹಾಳಾಗಬಹುದು. ‘ಎಲ್ಲಾ ಒಂದೇ ತೊಂಬತ್ತರ ಆಯಿಲ್’ ಎಂಬ ಮಾತನ್ನು ಒಪ್ಪಬೇಡಿ.

ಗ್ಯಾರೇಜಿನ ಬಾಗಿಲಲ್ಲಿ

ಸದ್ದು ಕೇಳಿಸಿದ ಮೇಲೂ ಓಡಿಸಬಹುದೇ? ಟೈರಿನ ಮೊರೆತದೊಂದಿಗೆ ವರ್ಷ ಕಳೆಯಬಹುದು. ಡಿಫರೆನ್ಷಿಯಲ್ಲಿನ ಸಣ್ಣ ಗುಂಯ್, ಆಯಿಲ್ ಸರಿಯಿದ್ದರೆ, ಬಹಳ ದಿನ ಹಾಗೆಯೇ ಇರಬಲ್ಲದು. ಆದರೆ ಕ್ರಾಸಿನ ಟಣ್ ಮತ್ತು ಬೇರಿಂಗಿನ ಗೊರಗೊರವನ್ನು ಮುಂದೂಡಬಾರದು. ಮುಂದಿನ ತುದಿ ಕಳಚಿದ ಪ್ರೊಪೆಲ್ಲರ್ ಶಾಫ್ಟ್ ನೆಲಕ್ಕೆ ನೆಟ್ಟು ಗಾಡಿಯನ್ನೇ ಎತ್ತಿಹಾಕಬಲ್ಲದು. ಸಿಕ್ಕಿಹಾಕಿಕೊಂಡ ಬೇರಿಂಗ್ ಚಕ್ರವನ್ನೇ ಕಸಿಯಬಲ್ಲದು. ಎಂಟು ಜನರನ್ನು ಕೂರಿಸಿಕೊಂಡು ಘಾಟಿ ಇಳಿಯುವ ಜೀಪಿನಲ್ಲಿ ಇದು ಜೀವದ ಪ್ರಶ್ನೆ.

ಕ್ರೌನ್ ಪಿನಿಯನ್ ಬದಲಿಸಲೇಬೇಕು ಎಂದಾದರೆ ಎರಡನ್ನೂ ಜೋಡಿಯಾಗಿ ಬದಲಿಸಬೇಕು, ಅವು ಒಂದಕ್ಕೊಂದು ಹೊಂದಿಸಿ ಮಾಡಿದ ಜೋಡಿ. ಹಲ್ಲುಗಳ ನಡುವೆ ಬಿಡುವ ಸಂದು ಒಂದು ಮಿಲಿಮೀಟರಿನ ಐದನೇ ಒಂದರ ಆಸುಪಾಸಿನದು. ಅದನ್ನು ಡಯಲ್ ಗೇಜಿನಲ್ಲಿ ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಮುದ್ರೆ ಎಲ್ಲಿ ಬಿತ್ತೆಂದು ನೋಡಿ ಕೂರಿಸುವವರ ಕೈಗೆ ಮಾತ್ರ ಈ ಕೆಲಸ ಕೊಡಿ. ಪಿನಿಯನ್ ನಟ್ಟನ್ನು ಕೈಯಂದಾಜಿನಲ್ಲಿ ಬಿಗಿದರೆ ಹೊಸ ಬೇರಿಂಗೂ ಬೇಗ ಕೂಗುತ್ತದೆ.

ಗ್ಯಾರೇಜಿಗೆ ಹೋಗುವ ಮುನ್ನ ಒಂದು ಚೀಟಿ ಬರೆದುಕೊಳ್ಳಿ. ಯಾವ ವೇಗದಲ್ಲಿ ಶುರುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಏನಾಗುತ್ತದೆ, ಎಡಕ್ಕೆ ಬಲಕ್ಕೆ ತಿರುಗಿದಾಗ ಬದಲಾಗುತ್ತದೆಯೇ, ನ್ಯೂಟ್ರಲ್‌ನಲ್ಲಿ ಉರುಳುವಾಗ ಉಳಿಯುತ್ತದೆಯೇ, ಫೋರ್ ವೀಲ್‌ನಲ್ಲಿ ಮಾತ್ರವೇ. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಓಡಿಸಿ ನೋಡದೆ ಬಿಚ್ಚಲು ಹೊರಟವರಿಗೆ ಕೀಲಿ ಕೊಡಬೇಡಿ.

ಮಳೆಗಾಲದಲ್ಲಿ ಹಳ್ಳ ದಾಟಿದ ಗಾಡಿ ನಿಮ್ಮದಾಗಿದ್ದರೆ, ಸದ್ದು ಬರಲಿ ಬಿಡಲಿ, ಈ ವಾರವೇ ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ಮೂರರ ಪ್ಲಗ್ ಬಿಚ್ಚಿಸಿ ಆಯಿಲಿನ ಬಣ್ಣ ನೋಡಿ.